'ಟೇಕ್' ಎಂಬ ಒಂದು ಶಬ್ದ ಮತ್ತು ನಮ್ಮ ಮಕ್ಕಳ ಇಂಗ್ಲಿಷ್

ಶಾಲೆ ತೆರೆದು ಎರಡನೆಯ ವಾರ. ಜೋರು ಮಳೆಯಿಂದಾಗಿ ಅಡಿಕೆ ಮರಗಳಿಗೆ ಮದ್ದು ಬಿಡುವ ಕೆಲಸ ನಿಂತಿದ್ದ ಒಂದು ದಿನ, ಆ ಕೆಲಸವನ್ನೇ ಮಾಡುವ ತಂದೆಯೊಬ್ಬರು ನಮ್ಮ ಶಾಲೆಗೆ ಬಂದರು. ಅವರ ಮಗ ಐದನೆಯ ತರಗತಿ ಮುಗಿಸಿ ಆರಕ್ಕೆ ಬಂದಿದ್ದ. ಅವರು ಬಂದದ್ದು ಟಿ.ಸಿ. ಕೇಳಲಿಕ್ಕೆ. ಕೊಡೆಯನ್ನು ಜಗಲಿಯಲ್ಲಿ ಇಟ್ಟು, ಪ್ಲಾಸ್ಟಿಕ್ ಚೀಲದಿಂದ ಮಗನ ಹಳೆಯ ಇಂಗ್ಲಿಷ್ ಪುಸ್ತಕ ತೆಗೆದು ನನ್ನ ಮುಂದೆ ಬಿಡಿಸಿದರು.

"ಟೀಚರೇ, ನಿಮ್ಮ ಮೇಲೆ ನನಗೆ ಬೇಸರ ಇಲ್ಲ. ಆದರೆ ಇವನಿಗೆ ಒಂದು 'ಟೇಕ್' ಕೂಡ ಸರಿಯಾಗಿ ಬರುವುದಿಲ್ಲ. ನೆರೆಮನೆಯ ಮಗು ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುವುದು. ಅದು ಇದನ್ನು ನೋಡಿ ನಗಾಡಿತು" ಎಂದರು.

ಪುಸ್ತಕದಲ್ಲಿ 'ದಿ ಪ್ಲೇನ್ ಟುಕ್ ಆಫ್' ಎಂಬ ವಾಕ್ಯದ ಕೆಳಗೆ ಹುಡುಗ ದುಂಡಗಿನ ಅಕ್ಷರದಲ್ಲಿ 'ವಿಮಾನವು ತೆಗೆದುಕೊಂಡಿತು' ಎಂದು ಬರೆದಿದ್ದ. ಅದರ ಮೇಲೆ ಕೆಂಪು ಶಾಯಿಯ ತಪ್ಪು ಗುರುತು. ಆ ಗುರುತು ಹಾಕಿದವಳು ನಾನೇ. ಪುಟ ಹಿಂದಕ್ಕೆ ತಿರುಗಿಸಿದರೆ ಹೊಸ ಶಬ್ದಗಳ ಪಟ್ಟಿ. ಅದರಲ್ಲಿ 'ಟೇಕ್ ಎಂದರೆ ತೆಗೆದುಕೊ' ಎಂದು ಒಂದೇ ಅರ್ಥ. ಆ ಪಟ್ಟಿಯನ್ನು ಬರೆಸಿದವಳೂ ನಾನೇ. ಕೊಟ್ಟ ಅರ್ಥವನ್ನು ಮಗು ನಂಬಿ ಪ್ರಾಮಾಣಿಕವಾಗಿ ಉಪಯೋಗಿಸಿತ್ತು. ತಪ್ಪು ಹೊರಿಸಿದ್ದು ಮಗುವಿನ ಮೇಲೆ, ಈಗ ಹೊರಿಸುತ್ತಿರುವುದು ಕನ್ನಡದ ಮೇಲೆ.

ಅಂದು ಆ ತಂದೆಗೆ ಸಮಾಧಾನವಾಗುವಂಥ ಉತ್ತರ ನನ್ನಲ್ಲಿ ಇರಲಿಲ್ಲ. ಟಿ.ಸಿ. ಪಡೆದು ಅವರು ಹೋದರು. ಆ ಉತ್ತರವನ್ನು ತಡವಾಗಿಯಾದರೂ ಬರೆಯಬೇಕೆಂದು ಈ ಲೇಖನ. ಮಗುವಿಗೆ ಇಂಗ್ಲಿಷ್ ಬಾರದಿರುವುದಕ್ಕೆ ಕನ್ನಡ ಮಾಧ್ಯಮ ಕಾರಣವಲ್ಲ. ಮಗು ಆಗಲೇ ಬಲ್ಲ ಕನ್ನಡವನ್ನು ಸರಿಯಾಗಿ ಉಪಯೋಗಿಸದೆ ನಾವು ಇಂಗ್ಲಿಷ್ ಕಲಿಸುವುದು ಕಾರಣ. ಇದನ್ನು ತೋರಿಸಲು ದೊಡ್ಡ ಸಿದ್ಧಾಂತ ಬೇಡ. 'ಟೇಕ್' ಎಂಬ ಆ ಒಂದು ಶಬ್ದ ಸಾಕು.

ಒಂದು ಶಬ್ದ, ನೂರು ಕೆಲಸ

ಇಂಗ್ಲಿಷಿನಲ್ಲಿ ಕಷ್ಟ ಕೊಡುವುದು ಉದ್ದುದ್ದ ಶಬ್ದಗಳೆಂದು ನಾವು ತಿಳಿದಿದ್ದೇವೆ. ಹಾಗಲ್ಲ. 'ಫೋಟೋಸಿಂಥೆಸಿಸ್' ಎಂಬ ಶಬ್ದಕ್ಕೆ ಒಂದೇ ಅರ್ಥ. ಒಮ್ಮೆ ತಿಳಿದರೆ ಮುಗಿಯಿತು. ಕಷ್ಟ ಕೊಡುವುದು ಟೇಕ್, ಗೆಟ್, ಪುಟ್, ಸೆಟ್, ರನ್ ಮೊದಲಾದ ಗಿಡ್ಡ ಕ್ರಿಯಾಪದಗಳು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಪಡೆದದ್ದು ಮೂರೇ ಅಕ್ಷರದ 'ಸೆಟ್' ಎಂಬ ಶಬ್ದ. ಅದರ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳನ್ನು ಅಲ್ಲಿ ಕೊಟ್ಟಿದ್ದಾರೆ.

1930ರಲ್ಲಿ ಸಿ.ಕೆ. ಆಗ್ಡನ್ ಎಂಬ ಇಂಗ್ಲಿಷ್ ವಿದ್ವಾಂಸರು ಪರದೇಶದವರಿಗೆ ಸುಲಭವಾಗಲೆಂದು 850 ಶಬ್ದಗಳ 'ಬೇಸಿಕ್ ಇಂಗ್ಲಿಷ್' ಎಂಬುದನ್ನು ರೂಪಿಸಿದರು. ಅದರಲ್ಲಿ ಕ್ರಿಯಾಪದಗಳ ಕೆಲಸ ಮಾಡುವ ಶಬ್ದಗಳು 18 ಮಾತ್ರ. 'ಟೇಕ್' ಅವುಗಳಲ್ಲಿ ಒಂದು. ನೋಡಲು ಬಹಳ ಸುಲಭವೆನಿಸುತ್ತದೆ. ಆದರೆ ನಮ್ಮ ಮಗುವಿನ ಕಷ್ಟ ಇರುವುದು ಆ 18 ಶಬ್ದಗಳ ಒಳಗೇ. ಸಾವಿರ ಕ್ರಿಯಾಪದಗಳ ಭಾರವನ್ನು ಅವು ಹೊತ್ತಿರುತ್ತವೆ.

ಇನ್ನೊಬ್ಬರು ಮೈಕೆಲ್ ವೆಸ್ಟ್. ಇವರು ನಮ್ಮ ದೇಶದ ಅವಿಭಜಿತ ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿ ದುಡಿದವರು. ಬಂಗಾಳಿ ಮಕ್ಕಳು ಇಂಗ್ಲಿಷ್ ಕಲಿಯುವುದನ್ನು ಕಣ್ಣಾರೆ ನೋಡಿ 1926ರಲ್ಲಿ ದ್ವಿಭಾಷಿಕತೆಯ ಬಗ್ಗೆ ಪುಸ್ತಕ ಬರೆದವರು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2000 ಶಬ್ದಗಳ ಪಟ್ಟಿಯಲ್ಲಿ ಒಂದು ವಿಶೇಷವಿದೆ. ಒಂದೊಂದು ಶಬ್ದದ ಎದುರು ಅದರ ಬೇರೆ ಬೇರೆ ಅರ್ಥಗಳನ್ನು ಕೊಟ್ಟು, ಯಾವ ಅರ್ಥ ನೂರರಲ್ಲಿ ಎಷ್ಟು ಸಲ ಬರುತ್ತದೆ ಎಂದೂ ತೋರಿಸಿದ್ದಾರೆ. ಶಬ್ದಕ್ಕೊಂದು ಅರ್ಥ ಎಂಬ ಲೆಕ್ಕಾಚಾರ ಸಾಲದು ಎಂಬುದು ಇಷ್ಟು ಹಿಂದೆಯೇ ಗೊತ್ತಿದ್ದ ಸಂಗತಿ. ಆದರೂ ನಮ್ಮ ಗೈಡುಗಳಲ್ಲಿ, ನಮ್ಮ ಕರಿಹಲಗೆಯ ಮೇಲೆ, ನಮ್ಮ ಪರೀಕ್ಷೆಯ ಪ್ರಶ್ನೆಗಳಲ್ಲಿ ಇಂದಿಗೂ ಶಬ್ದಕ್ಕೊಂದೇ ಅರ್ಥ. ಬಿ.ಎಡ್. ಮಾಡಿದ ನಾನೂ ಇದೇ ದಾರಿಯಲ್ಲಿ ನಡೆದವಳು.

'ತೆಗೆ'ಯ ಪಾಠ

ಆ ತಂದೆ ಹೋದ ವಾರವೇ ಆರನೆಯ ತರಗತಿಯಲ್ಲಿ ಇಂಗ್ಲಿಷ್ ಪುಸ್ತಕವನ್ನು ಮುಚ್ಚಿಸಿ, ಕರಿಹಲಗೆಯ ಮೇಲೆ 'ತೆಗೆ' ಎಂದು ಕನ್ನಡದಲ್ಲಿ ಬರೆದೆ. ಈ ಶಬ್ದವಿರುವ ಒಂದೊಂದು ಮಾತು ಹೇಳಿ ಎಂದೆ. ಮಕ್ಕಳಿಗೆ ಮೊದಲು ಸಂಶಯ, ಇದು ಇಂಗ್ಲಿಷ್ ಪೀರಿಯಡ್ ಅಲ್ಲವೇ ಎಂದು. ಒಬ್ಬಳು 'ಬಾಗಿಲು ತೆಗೆ' ಎಂದಳು. ಮತ್ತೆ ತಡೆಯಲಿಲ್ಲ. ಫೋಟೋ ತೆಗೆ, ಅಡಿಕೆ ತೆಗೆ, ಅಂಕ ತೆಗೆ, ಹಲ್ಲು ತೆಗೆ, ಬೈತಲೆ ತೆಗೆ, ಎಣ್ಣೆ ತೆಗೆ, ದೃಷ್ಟಿ ತೆಗೆ, ಸಾಲ ತೆಗೆ, ಜಗಳ ತೆಗೆ, ತಕರಾರು ತೆಗೆ, ಹೆಸರು ತೆಗೆ, ಕೆಲಸದಿಂದ ತೆಗೆ. ಹಿಂದಿನ ಬೆಂಚಿನಿಂದ ಒಬ್ಬ "ಟೀಚರು ನಿನ್ನೆ ನನ್ನ ಮಾನ ತೆಗೆದರು" ಎಂದಾಗ ತರಗತಿಯೇ ನಕ್ಕಿತು.

ಆಮೇಲೆ ಕೇಳಿದೆ: "ಬಾಗಿಲು ತೆಗೆ ಎಂದರೆ ಬಾಗಿಲನ್ನು ಕಿತ್ತು ಮನೆಗೆ ಒಯ್ಯುತ್ತೀರಾ? ಅಂಕ ತೆಗೆದರೆ ಅಂಕ ಕಡಿಮೆ ಆಗುತ್ತದಾ, ಹೆಚ್ಚಾಗುತ್ತದಾ? ಹಲ್ಲು ತೆಗೆದರೆ ಹಲ್ಲು ಕಡಿಮೆ, ಅಂಕ ತೆಗೆದರೆ ಅಂಕ ಜಾಸ್ತಿ. ಇದನ್ನೆಲ್ಲ ನಿಮಗೆ ಯಾರು ಬಾಯಿಪಾಠ ಮಾಡಿಸಿದರು?" ಯಾರೂ ಮಾಡಿಸಿಲ್ಲ. ಮನೆಯಲ್ಲಿ, ತೋಟದಲ್ಲಿ, ಅಂಗಡಿಯಲ್ಲಿ ಕೇಳಿ ಬಂದದ್ದು. ಪಕ್ಕದ ಶಬ್ದ ಯಾವುದು ಎಂದು ನೋಡಿ ಅರ್ಥ ಮಾಡಿಕೊಳ್ಳುವ ಜಾಣ್ಮೆ ಐದು ವರ್ಷದ ಮಗುವಿಗೂ ಇದೆ.

ಇಷ್ಟು ಆದ ಮೇಲೆ 'ತೆಗೆ'ಯ ಪಕ್ಕದಲ್ಲಿ 'ಟೇಕ್' ಬರೆದೆ. "ಇದು ಇಂಗ್ಲಿಷಿನವರ ತೆಗೆ. ನಮ್ಮದರ ಹಾಗೆಯೇ ಇದಕ್ಕೂ ಹತ್ತಾರು ಕೆಲಸ. ಆದರೆ ನಮ್ಮ ತೆಗೆ ಮಾಡುವ ಕೆಲಸಗಳನ್ನೇ ಅದೂ ಮಾಡುತ್ತದೆ ಎಂದು ತಿಳಿಯಬೇಡಿ" ಎಂದೆ. ಆ ಒಂದು ಪೀರಿಯಡ್ಡಿನಲ್ಲಿ ಮಕ್ಕಳಿಗೆ ತಿಳಿದಷ್ಟು, ನನ್ನ ಶಬ್ದಪಟ್ಟಿಗಳಿಂದ ಒಂದು ವರ್ಷದಲ್ಲಿ ತಿಳಿದಿರಲಿಲ್ಲ. ಇದನ್ನು ಮನೆಯಲ್ಲಿ ನೀವೂ ಮಾಡಬಹುದು. ಇಂಗ್ಲಿಷ್ ಬಾರದ ಹೆತ್ತವರೂ ಮಾಡಬಹುದು. ಹೇಗೆಂದು ಮುಂದೆ ವಿವರಿಸುತ್ತೇನೆ.

ನಾಲ್ಕು ಗುಂಪುಗಳು

'ಟೇಕ್'ನ ಮುಖ್ಯ ಉಪಯೋಗಗಳನ್ನು ನಾನು ನಾಲ್ಕು ಗುಂಪು ಮಾಡಿ ಕಲಿಸುತ್ತೇನೆ.

ಮೊದಲನೆಯದು ಕೈಯ ಕೆಲಸ. 'ಟೇಕ್ ದ ಬುಕ್' ಎಂದರೆ ಪುಸ್ತಕ ತೆಗೆದುಕೊ. 'ಟೇಕ್ ದ ಅಂಬ್ರೆಲಾ' ಎಂದರೆ ಕೊಡೆ ತೆಗೆದುಕೊಂಡು ಹೋಗು. 'ಟೇಕ್ ದ ಚೈಲ್ಡ್ ಟು ಸ್ಕೂಲ್' ಎಂದರೆ ಮಗುವನ್ನು ಶಾಲೆಗೆ ಕರೆದುಕೊಂಡು ಹೋಗು. ಇಲ್ಲಿ ಕನ್ನಡದ ಒಂದು ಸೊಗಸನ್ನು ಮಗುವಿಗೆ ತೋರಿಸಬೇಕು. ವಸ್ತುವನ್ನು ನಾವು ತೆಗೆದುಕೊಂಡು ಹೋಗುತ್ತೇವೆ, ಮನುಷ್ಯರನ್ನು ಕರೆದುಕೊಂಡು ಹೋಗುತ್ತೇವೆ, ಹಸುಗೂಸನ್ನು ಎತ್ತಿಕೊಂಡು ಹೋಗುತ್ತೇವೆ. ಕೊಡೆಗೂ ಮಗುವಿಗೂ ಇಂಗ್ಲಿಷಿಗೆ ಒಂದೇ 'ಟೇಕ್' ಸಾಕು. ಇನ್ನೊಂದು ವ್ಯತ್ಯಾಸ: ನಮ್ಮಲ್ಲಿ 'ತೆಗೆ' ಬೇರೆ, 'ತೆಗೆದುಕೊ' ಬೇರೆ. 'ಕೊಳ್ಳು' ಸೇರಿದರೆ ಕೆಲಸ ತನಗಾಗಿ ಎಂಬ ಅರ್ಥ ಬರುತ್ತದೆ. ತುಳುವಿನಲ್ಲೂ ದೆಪ್ಪು ಬೇರೆ, ದೆತೊನು ಬೇರೆ. ಇಂಗ್ಲಿಷಿನಲ್ಲಿ ಈ ಭೇದಕ್ಕೆ ಬೇರೆ ರೂಪ ಇಲ್ಲ. ಅಂದರೆ ಕೆಲವು ಕಡೆ ನಮ್ಮ ಭಾಷೆಯೇ ಹೆಚ್ಚು ಸೂಕ್ಷ್ಮ. ಇದನ್ನು ತಿಳಿದ ಮಗು ಇಂಗ್ಲಿಷಿನ ಮುಂದೆ ತಲೆ ತಗ್ಗಿಸುವುದಿಲ್ಲ.

ಎರಡನೆಯದು ಒಳಕ್ಕೆ ಪಡೆಯುವುದು ಮತ್ತು ಬೇಕಾಗುವುದು. 'ಟೇಕ್ ಮೆಡಿಸಿನ್' ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಕಷಾಯವಾದರೆ ಕುಡಿಯುತ್ತೇವೆ, ಗುಳಿಗೆಯಾದರೆ ನುಂಗುತ್ತೇವೆ. ಇಂಗ್ಲಿಷಿನವರಿಗೆ ಎರಡೂ 'ಟೇಕ್'. 'ಇಟ್ ಟೇಕ್ಸ್ ಟೈಮ್' ಎಂದರೆ ಸಮಯ ಹಿಡಿಯುತ್ತದೆ. ಮಲೆಯಾಳದಲ್ಲಿ 'ಸಮಯ ಎಡುಕ್ಕುಂ' ಎನ್ನುತ್ತಾರೆ. ಅದು ಇಂಗ್ಲಿಷಿನ ಹಾಗೆಯೇ 'ತೆಗೆದುಕೊಳ್ಳು'. ಇದು ಗಡಿಯ ಮಕ್ಕಳಿಗೆ ಸಿಕ್ಕಿರುವ ಲಾಭ. ಒಂದು ಭಾಷೆಯಲ್ಲಿ ಸಿಗದ ಹೋಲಿಕೆ ಇನ್ನೊಂದರಲ್ಲಿ ಸಿಗುತ್ತದೆ. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಗೊಂದಲದಲ್ಲಿದ್ದಾರೆ ಎನ್ನುವವರು ಇದನ್ನು ಗಮನಿಸಬೇಕು.

ಮೂರನೆಯ ಗುಂಪಿನಲ್ಲಿ 'ಟೇಕ್' ಒಳಗೆ ಖಾಲಿ. ಟೇಕ್ ಎ ಬಾತ್, ಟೇಕ್ ಎ ವಾಕ್, ಟೇಕ್ ರೆಸ್ಟ್, ಟೇಕ್ ಎ ಡಿಸಿಷನ್. ಅರ್ಥವೆಲ್ಲ ಪಕ್ಕದ ನಾಮಪದದಲ್ಲಿದೆ. ಕ್ರಿಯಾಪದ ಬರಿಯ ಊರುಗೋಲು. ಈ ಜಾಗದಲ್ಲಿ ಕನ್ನಡ ಹೆಚ್ಚಾಗಿ 'ಮಾಡು' ಎನ್ನುತ್ತದೆ: ಸ್ನಾನ ಮಾಡು, ವಿಶ್ರಾಂತಿ ಮಾಡು, ತೀರ್ಮಾನ ಮಾಡು. ಇಲ್ಲಿ ಕನ್ನಡವನ್ನು ಶಬ್ದಕ್ಕೆ ಶಬ್ದವಾಗಿ ಇಂಗ್ಲಿಷಿಗೆ ಇಳಿಸಿದರೆ 'ಮೇಕ್ ಬಾತ್' ಎಂಬ ತಪ್ಪು ಹುಟ್ಟುತ್ತದೆ. ಆದ್ದರಿಂದ ಕನ್ನಡ ನಮಗೆ ದಾರಿ ತೋರಿಸುವ ಕೈದೀಪವಾಗಬೇಕೇ ಹೊರತು ಅಚ್ಚಾಗಬಾರದು. ಫೋಟೋದ ಮಾತಿನಲ್ಲಿ ಮಾತ್ರ ಎರಡೂ ಸುಮಾರಾಗಿ ಕೂಡುತ್ತವೆ. ಅವರು 'ಟೇಕ್ ಎ ಫೋಟೋ' ಎಂದರೆ ನಾವು 'ಫೋಟೋ ತೆಗೆ' ಎನ್ನುತ್ತೇವೆ. ಅಲ್ಲೂ ನಮ್ಮದು ಹೊರಕ್ಕೆ ತೆಗೆಯುವ 'ತೆಗೆ'. ಮರಾಠಿಯ 'ಕಾಢಣೆ', ತೆಲುಗಿನ 'ತೀಯು' ಎರಡೂ ಹೀಗೆಯೇ.

ನಾಲ್ಕನೆಯದು ಆ ಹುಡುಗ ಎಡವಿದ ಜಾಗ. 'ಟೇಕ್'ನ ಬಾಲಕ್ಕೆ ಒಂದು ಪುಟ್ಟ ಶಬ್ದ ಅಂಟಿಕೊಂಡರೆ ಅರ್ಥವೇ ಬದಲಾಗುತ್ತದೆ. ಅಂಗಿಯನ್ನು 'ಟೇಕ್ ಆಫ್' ಮಾಡಿದರೆ ಕಳಚುವುದು, ವಿಮಾನ 'ಟೇಕ್ ಆಫ್' ಆದರೆ ನೆಲ ಬಿಟ್ಟು ಮೇಲೇರುವುದು. ಮಗ ತಂದೆಯನ್ನು 'ಟೇಕ್ ಆಫ್ಟರ್' ಮಾಡುತ್ತಾನೆ ಎಂದರೆ ಹೋಲುತ್ತಾನೆ. ಒಬ್ಬನ ಜಾಗಕ್ಕೆ ಇನ್ನೊಬ್ಬ ಬಂದು ಅಧಿಕಾರ ವಹಿಸಿಕೊಂಡರೆ 'ಟೇಕ್ ಓವರ್'. ಯಾರಾದರೂ ನಮ್ಮನ್ನು 'ಟೇಕ್ ಇನ್' ಮಾಡಿದರು ಎಂದರೆ ಮನೆಯೊಳಗೆ ಆಶ್ರಯ ಕೊಟ್ಟರು ಎಂದೂ ಆಗಬಹುದು, ಮೋಸ ಮಾಡಿದರು ಎಂದೂ ಆಗಬಹುದು.

ಇದೇನು ವಿಚಿತ್ರ ಎಂದು ಮಗು ಕೇಳಿದರೆ, 'ಕೈ' ಎಂಬ ನಮ್ಮ ಶಬ್ದವನ್ನು ನೆನಪಿಸಿ. ಕೈಹಿಡಿ ಎಂದರೆ ಮದುವೆಯಾಗು, ಕಾಪಾಡು. ಕೈಬಿಡು ಎಂದರೆ ತ್ಯಜಿಸು. ಕೈಹಾಕು ಎಂದರೆ ಕೆಲಸ ಆರಂಭಿಸು. ಕೈಮಾಡು ಎಂದರೆ ಹೊಡೆ. ಕೈಕೊಡು ಎಂದರೆ ಕಷ್ಟಕಾಲದಲ್ಲಿ ಮೋಸ ಮಾಡು. 'ಮಳೆ ಕೈಕೊಟ್ಟಿತು' ಎಂಬ ಮಾತನ್ನು ಕೇಳಿ, ಮಳೆಗೆ ಕೈ ಎಲ್ಲಿದೆ ಎಂದು ಯಾವ ರೈತನ ಮಗುವೂ ಕೇಳುವುದಿಲ್ಲ. ಆ ಮಗುವಿಗೆ 'ಟೇಕ್ ಆಫ್' ಯಾಕೆ ಅರ್ಥವಾಗಬಾರದು? ಎರಡು ಶಬ್ದ ಕೂಡಿದಾಗ ಮೂರನೆಯ ಅರ್ಥ ಹುಟ್ಟುತ್ತದೆ ಎಂಬುದು ಅದಕ್ಕೆ ಗೊತ್ತಿರುವ ವಿಷಯ. ಅದನ್ನು ನೆನಪಿಸಿಕೊಡಲು ಕನ್ನಡ ಬಲ್ಲ ಅಧ್ಯಾಪಕರು ಬೇಕು, ಅಷ್ಟೆ.

ಪರೀಕ್ಷೆಯನ್ನು ತೆಗೆದುಕೊಳ್ಳುವವರು ಯಾರು?

ಇನ್ನೊಂದು ಉದಾಹರಣೆ ನಮ್ಮ ಎಲ್ಲ ಗಡಿ ಪ್ರದೇಶಗಳಿಗೂ ಸಂಬಂಧಿಸಿದ್ದು. ಪರೀಕ್ಷೆಯ ವಿಷಯದಲ್ಲಿ ಕನ್ನಡ, ಮಲೆಯಾಳ, ತಮಿಳು, ತೆಲುಗು ನಾಲ್ಕೂ ಭಾಷೆಗಳಲ್ಲಿ ವಿದ್ಯಾರ್ಥಿ ಪರೀಕ್ಷೆಯನ್ನು 'ಬರೆಯುತ್ತಾನೆ'. ಸೊಲ್ಲಾಪುರ, ಜತ್ತದ ಕಡೆ ಮಕ್ಕಳು ದಿನವೂ ಕೇಳುವ ಮರಾಠಿಯಲ್ಲಿ ವಿದ್ಯಾರ್ಥಿ ಪರೀಕ್ಷೆ 'ಕೊಡುತ್ತಾನೆ', ಅಧ್ಯಾಪಕರು ಪರೀಕ್ಷೆ 'ತೆಗೆದುಕೊಳ್ಳುತ್ತಾರೆ'. ಹಿಂದಿಯಲ್ಲೂ ಹೀಗೆಯೇ. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಇದು ತಿರುಗುಮುರುಗು. ಅಲ್ಲಿ ಪರೀಕ್ಷೆಯನ್ನು 'ಟೇಕ್' ಮಾಡುವವನು ವಿದ್ಯಾರ್ಥಿ, ಕೊಡುವವರು ಅಧ್ಯಾಪಕರು. ನಮ್ಮ ದೇಶದಲ್ಲಿ 'ಟೀಚರ್ ಟುಕ್ ಎ ಟೆಸ್ಟ್' ಎಂದರೆ ಟೀಚರು ಮಕ್ಕಳಿಗೆ ಟೆಸ್ಟ್ ಮಾಡಿದರು ಎಂದು ಎಲ್ಲರೂ ತಿಳಿಯುತ್ತಾರೆ. ಲಂಡನ್ನಿನವರು ಕೇಳಿದರೆ, ಟೀಚರೇ ಕುಳಿತು ಪರೀಕ್ಷೆ ಬರೆದರೆಂದು ತಿಳಿದಾರು.

ಈ ತಪ್ಪು ಕನ್ನಡ ಮಾಧ್ಯಮದ ಮಕ್ಕಳದ್ದು ಮಾತ್ರವಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ದೊಡ್ಡ ಹುದ್ದೆಯಲ್ಲಿರುವವರ ಬಾಯಲ್ಲೂ ಇದನ್ನು ಕೇಳಬಹುದು. ಏಕೆಂದರೆ ಮಾಧ್ಯಮ ಯಾವುದೇ ಇರಲಿ, ಮಗುವಿನ ತಲೆಯಲ್ಲಿ ಮನೆಮಾತು ಕೆಲಸ ಮಾಡುತ್ತಲೇ ಇರುತ್ತದೆ. ಅದನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಹಿತ್ತಿಲಿನಿಂದ ಒಳಗೆ ಬರುತ್ತದೆ. ಎದುರು ಕೂರಿಸಿ "ನಾವು ಹೀಗೆ ಹೇಳುತ್ತೇವೆ, ಅವರು ಹಾಗೆ ಹೇಳುತ್ತಾರೆ" ಎಂದು ಹೋಲಿಸಿ ತೋರಿಸಿದಾಗ ಮಾತ್ರ ತಪ್ಪು ನಿಲ್ಲುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ತರಗತಿಯಲ್ಲಿರುವ ಬಹುಭಾಷಿಕತೆಯನ್ನು ಸಂಪನ್ಮೂಲವಾಗಿ ಉಪಯೋಗಿಸಬೇಕೆಂದು ಹೇಳಿದ್ದು ಇದನ್ನೇ.

ಎರವಲು ಬಂದ ಶಬ್ದ

'ಟೇಕ್' ಎಂಬ ಶಬ್ದದ ಹಿಂದೆ ಗಡಿನಾಡಿನವರಾದ ನಮಗೆ ಹತ್ತಿರವಾದ ಒಂದು ಕತೆ ಇದೆ. ಅದು ಮೂಲದಲ್ಲಿ ಇಂಗ್ಲಿಷ್ ಶಬ್ದವೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ತೆಗೆದುಕೊ ಎನ್ನಲು 'ನಿಮನ್' ಎಂಬ ಕ್ರಿಯಾಪದವಿತ್ತು. ಜರ್ಮನ್ ಭಾಷೆಯಲ್ಲಿ ಅದರ ಒಡಹುಟ್ಟಾದ 'ನೇಮೆನ್' ಇಂದಿಗೂ ಬಳಕೆಯಲ್ಲಿದೆ. ಒಂಬತ್ತನೆಯ ಶತಮಾನದಿಂದ ಸ್ಕ್ಯಾಂಡಿನೇವಿಯದ ಜನ ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ನೆಲೆಸಿದರು. ಅವರ ನಾರ್ಸ್ ಭಾಷೆಯ 'ತಾಕ' ಎಂಬ ಶಬ್ದ ನೆರೆಹೊರೆಯ ಬಳಕೆಯಿಂದ ಇಂಗ್ಲಿಷಿಗೆ ಬಂದು, ಕಾಲಕ್ರಮದಲ್ಲಿ 'ನಿಮನ್'ನ ಜಾಗದಲ್ಲಿ ಕುಳಿತುಬಿಟ್ಟಿತು. ಮರಗಟ್ಟಿದ ಎಂಬರ್ಥದ 'ನಂಬ್', ಚುರುಕಾದ ಎಂಬರ್ಥದ 'ನಿಂಬಲ್' ಎಂಬ ಶಬ್ದಗಳಲ್ಲಿ ಮಾತ್ರ ಹಳೆಯ ಬೇರು ಉಳಿದಿದೆ. 'ಗೆಟ್' ಕೂಡ ಹೀಗೆಯೇ ಬಂದದ್ದು. 'ಅವರು' ಎಂಬರ್ಥದ 'ದೇ' ಕೂಡ.

ಲೋಕವನ್ನೇ ಆಳಿತೆಂದು ನಾವು ಹೇಳುವ ಭಾಷೆಯ ದಿನಬಳಕೆಯ ಶಬ್ದಗಳು ಎರಡು ಭಾಷೆಯವರು ಕೂಡಿ ಬಾಳಿದ ಊರುಗಳಲ್ಲಿ ಬೆಳೆದವು. ನೆರೆಭಾಷೆ ಕಲಿಯುವುದರಿಂದ ಯಾರೂ ಕೆಡುವುದಿಲ್ಲ. ನಾವು ಮಲೆಯಾಳಕ್ಕಾಗಲಿ, ಮರಾಠಿಗಾಗಲಿ, ತಮಿಳು ತೆಲುಗುಗಳಿಗಾಗಲಿ ವಿರೋಧಿಗಳಲ್ಲ. ನಮ್ಮ ಮಕ್ಕಳು ರಾಜ್ಯದ ಭಾಷೆಯನ್ನು ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಆದರೆ ತಮ್ಮ ನೆಲದ ಮೇಲೆ ನಿಂತು ಕಲಿಯಲಿ ಎಂಬುದು ನಮ್ಮ ಬೇಡಿಕೆ.

ಇದು ಹಕ್ಕಿನ ವಿಷಯವೂ ಹೌದು

ನಾನು ಬಲ್ಲ ಒಂದು ಕನ್ನಡ ಶಾಲೆಗೆ ಕೆಲವು ವರ್ಷಗಳ ಹಿಂದೆ ಇಂಗ್ಲಿಷ್ ಕಲಿಸಲು ಕನ್ನಡ ತಿಳಿಯದ ಅಧ್ಯಾಪಕರೊಬ್ಬರು ಬಂದರು. ಸಜ್ಜನರು, ಕಷ್ಟಪಟ್ಟು ದುಡಿಯುವವರು. ಇಂಗ್ಲಿಷಿನಲ್ಲಿ ಹೇಳಿದ್ದು ಮಕ್ಕಳಿಗೆ ತಿಳಿಯದಿದ್ದಾಗ ತಮ್ಮ ಭಾಷೆಯಲ್ಲಿ ವಿವರಿಸುತ್ತಿದ್ದರು. ಆ ಭಾಷೆ ಬರುವ ಮಕ್ಕಳು ತಲೆಯಾಡಿಸುತ್ತಿದ್ದರು. ಉಳಿದವರು ಎಲ್ಲದಕ್ಕೂ 'ಯೆಸ್ ಸರ್' ಎನ್ನುತ್ತಿದ್ದರು. ಮಕ್ಕಳು ಎಲ್ಲಿ ಎಡವಿದರು, ಯಾಕೆ ಎಡವಿದರು ಎಂದು ತಿಳಿಯಲು ಅವರಿಗೆ ಉಪಾಯವಿರಲಿಲ್ಲ. 'ವಿಮಾನವು ತೆಗೆದುಕೊಂಡಿತು' ಎಂದು ಮಗು ಬರೆದರೆ ಅದರಲ್ಲಿ ಏನು ತಪ್ಪಾಯಿತೆಂದು ಅವರು ಓದಲಾರರು. ಇದು ಆ ಅಧ್ಯಾಪಕರ ತಪ್ಪಲ್ಲ, ಅವರನ್ನು ಅಲ್ಲಿಗೆ ಕಳುಹಿಸಿದ ವ್ಯವಸ್ಥೆಯ ತಪ್ಪು.

ಇಂಥ ಸಂದರ್ಭದಲ್ಲಿ ಕಚೇರಿಗಳಿಂದ ಬರುವ ಮಾತು ಒಂದೇ: "ಇಂಗ್ಲಿಷ್ ಪಾಠಕ್ಕೆ ಕನ್ನಡ ಯಾಕೆ?" ಮೇಲೆ ಬರೆದದ್ದೆಲ್ಲ ಆ ಪ್ರಶ್ನೆಗೆ ಉತ್ತರ. ಮಾಧ್ಯಮ ಎಂದರೆ ಪಠ್ಯಪುಸ್ತಕದ ಮೇಲಿನ ಲಿಪಿ ಮಾತ್ರವಲ್ಲ. ತಿಳಿಯದಿದ್ದನ್ನು ಮಗು ಕೇಳುವ ಭಾಷೆ, ಅಧ್ಯಾಪಕರು ವಿವರಿಸುವ ಭಾಷೆ ಮಾಧ್ಯಮ.

ಸಂವಿಧಾನದ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಪಡೆಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. 350ಬಿ ವಿಧಿಯಂತೆ ನಮ್ಮ ದೂರುಗಳನ್ನು ವಿಚಾರಿಸಲು ವಿಶೇಷಾಧಿಕಾರಿ, ಅಂದರೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಇದ್ದಾರೆ. ಇದಕ್ಕೂ ಮೊದಲು, 1949ರ ಆಗಸ್ಟಿನಲ್ಲಿ ನಡೆದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು, ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಆ ಭಾಷೆಯ ಒಬ್ಬ ಅಧ್ಯಾಪಕರನ್ನಾದರೂ ಕೊಡಬೇಕೆಂದು ನಿರ್ಣಯಿಸಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಸೆಕ್ಷನ್ ಕೂಡ, ಸಾಧ್ಯವಿದ್ದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿ ಇರಬೇಕೆನ್ನುತ್ತದೆ.

ಮಾಧ್ಯಮವನ್ನು ಆರಿಸುವ ಹಕ್ಕು ಹೆತ್ತವರದ್ದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿದೆ. ಕನ್ನಡ ಮಾಧ್ಯಮವನ್ನು ಯಾರ ಮೇಲೂ ಹೇರುವಂತಿಲ್ಲ. ನಾನೂ ಹೇರಲಾರೆ. ಮಗನ ಭವಿಷ್ಯಕ್ಕಾಗಿ ಟಿ.ಸಿ. ಕೇಳಿದ ಆ ತಂದೆಯನ್ನು ದೂರುವ ಹಕ್ಕು ನನಗಿಲ್ಲ. ಆದರೆ ಕನ್ನಡ ಶಾಲೆಗೆ ಬೇಕಾದ ಅಧ್ಯಾಪಕರನ್ನು ಕೊಡದೆ, ಮಕ್ಕಳು ಹಿಂದುಳಿದ ಮೇಲೆ "ಹೆತ್ತವರೇ ಬಿಡಿಸಿಕೊಂಡು ಹೋದರು" ಎಂದು ಲೆಕ್ಕ ಬರೆದರೆ ಅದು ಆಯ್ಕೆ ಅಲ್ಲ, ಒತ್ತಾಯ.

ಹೆತ್ತವರಲ್ಲಿ ವಿನಂತಿ

ಮೊದಲನೆಯದಾಗಿ, ಮಗುವಿನ ಇಂಗ್ಲಿಷ್ ಪುಸ್ತಕದಲ್ಲಿ ತಪ್ಪು ಗುರುತು ಕಂಡರೆ ಮಗುವನ್ನು ಬಯ್ಯುವ ಮೊದಲು, ಹಾಗೆ ಯಾಕೆ ಬರೆದೆ ಎಂದು ಕೇಳಿ. ತಪ್ಪಿನ ಹಿಂದೆ ಅದರದ್ದೇ ಆದ ಒಂದು ಲೆಕ್ಕಾಚಾರ ಇದ್ದೇ ಇರುತ್ತದೆ. ಆಮೇಲೆ ನಮ್ಮಲ್ಲಿಗೆ ಬನ್ನಿ. ನಾವು ಬರೆಸಿದ ಪಟ್ಟಿಯಲ್ಲಿ ಶಬ್ದಕ್ಕೊಂದೇ ಅರ್ಥವಿದ್ದರೆ, ವಾಕ್ಯದೊಡನೆ ಕಲಿಸಿ ಎಂದು ನಮ್ಮನ್ನು ಕೇಳಿ. ಕೇಳುವ ಅಧಿಕಾರ ನಿಮಗಿದೆ. ಕೇಳಿಸಿಕೊಳ್ಳುವ ಅಗತ್ಯ ನಮಗಿದೆ.

ಎರಡನೆಯದಾಗಿ, ವಾರಕ್ಕೊಮ್ಮೆ ಮನೆಯಲ್ಲಿ ಒಂದು ಕನ್ನಡ ಕ್ರಿಯಾಪದವನ್ನು ಹಿಡಿದು ಆಟವಾಡಿ. ಹಾಕು, ಹಿಡಿ, ಬೀಳು, ಹೊಡೆ, ಕಟ್ಟು ಯಾವುದಾದರೂ ಆಗಬಹುದು. ಗಂಟೆ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಲಾಟರಿ ಹೊಡೆಯುತ್ತದೆ. ಇದಕ್ಕೆ ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಅಜ್ಜಿಯಂದಿರು ಇದ್ದರೆ ಇನ್ನೂ ಒಳ್ಳೆಯದು. ಮಾತಿನ ಅರ್ಥ ಪಕ್ಕದ ಶಬ್ದದಿಂದ ಬರುತ್ತದೆ ಎಂಬ ಅರಿವು ಗಟ್ಟಿಯಾದ ಮಗುವಿಗೆ ಇಂಗ್ಲಿಷಿನ ಗಿಡ್ಡ ಶಬ್ದಗಳ ಹೆದರಿಕೆ ಹೋಗುತ್ತದೆ. ಈಗ ಎಲ್ಲರ ಕೈಯಲ್ಲೂ ಇರುವ ಮೊಬೈಲು ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಕೊಡಬಹುದು. ಯಾಕೆ ಹಾಗೆ ಎಂದು ತಿಳಿಯುವ ಶಕ್ತಿ ಬರುವುದು ಮನೆಯ ಮಾತಿನಿಂದ.

ಮೂರನೆಯದಾಗಿ, ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎರಡು ವಿಷಯ ಬರೆಯಿಸಿ. ಇಂಗ್ಲಿಷ್-ಕನ್ನಡ ನಿಘಂಟು ತರಗತಿಯಲ್ಲಿ ಮಕ್ಕಳ ಕೈಗೆ ಸಿಗುವಂತೆ ಇರಬೇಕು, ಆಫೀಸಿನ ಕಪಾಟಿನಲ್ಲಿ ಬೀಗದೊಳಗೆ ಅಲ್ಲ. ಮತ್ತು ಇಂಗ್ಲಿಷ್ ಸೇರಿ ಯಾವ ವಿಷಯಕ್ಕೇ ಆಗಲಿ, ಕನ್ನಡ ಮಾಧ್ಯಮದ ಹುದ್ದೆಗೆ ಬರುವವರಿಗೆ ಕನ್ನಡದಲ್ಲಿ ವಿವರಿಸಲು ಬರಬೇಕು ಎಂಬ ನಿರ್ಣಯ ಮಾಡಿ. ನಿರ್ಣಯದ ಪ್ರತಿಯನ್ನು ಶಿಕ್ಷಣ ಇಲಾಖೆಗೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಕಳುಹಿಸಿ. ಬಾಯಿಮಾತಿನ ದೂರಿಗೆ ಕಡತದಲ್ಲಿ ಜಾಗವಿಲ್ಲ. ಸಹಿ, ತಾರೀಕು ಇರುವ ಕಾಗದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗುವುದಿಲ್ಲ.

ಆ ಹುಡುಗ ಈಗ ಬೇರೆ ಶಾಲೆಯ ಸಮವಸ್ತ್ರದಲ್ಲಿ, ನಮ್ಮ ಶಾಲೆಯ ಗೇಟಿನ ಮುಂದಿನಿಂದಲೇ ವ್ಯಾನಿನಲ್ಲಿ ಹೋಗುತ್ತಾನೆ. ನನ್ನನ್ನು ಕಂಡರೆ ಕೈಬೀಸುತ್ತಾನೆ. ಅಲ್ಲಿ ಅವನಿಗೆ ಒಳ್ಳೆಯದಾಗಲಿ. ಅವನ ಪುಸ್ತಕದಲ್ಲಿ ನಾನು ಹಾಕಿದ ಕೆಂಪು ಗುರುತು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಅವನ ಬೆಂಚಿನಲ್ಲಿ ಈಗ ಕುಳಿತಿರುವ ಮಕ್ಕಳಿಗೆ 'ಟೇಕ್ ಆಫ್' ಎಂದರೆ ಏನೆಂದು ಗೊತ್ತು. ಯಾಕೆ ಹಾಗೆ ಎನ್ನುತ್ತಾರೆಂದು ಕನ್ನಡದಲ್ಲಿ ಹೇಳಲಿಕ್ಕೂ ಗೊತ್ತು. ಅದನ್ನು ಅವನಿಗೂ ಹೇಳಿಕೊಡುವುದು ನನ್ನಿಂದ ಸಾಧ್ಯವಿತ್ತು. ಇನ್ನು ಮುಂದೆ ಟಿ.ಸಿ. ಕೇಳಲು ಬರುವ ಹೆತ್ತವರು ಅರ್ಜಿ ಕೊಡುವ ಮೊದಲು ಒಂದು ಪೀರಿಯಡ್ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಆಮೇಲೆ ನಿಮ್ಮ ತೀರ್ಮಾನ.